ಬಾರದ ಕ್ಲೋಸ್ ಇವೆಂಟ್ ಮತ್ತು ನನ್ನ 140 ಪೆಟ್ಟಿಗೆಗಳು

ಮಂಡ್ಯದ ಸುತ್ತಮುತ್ತ ಸುಮಾರು 140 ಪಂಪ್‌ಸೆಟ್‌ಗಳಿಗೆ ನಾನೇ ಮಾಡಿದ ಮೊಬೈಲ್ ಸ್ಟಾರ್ಟರ್ ಹಾಕಿದ್ದೇನೆ. ಪೆಟ್ಟಿಗೆಯಲ್ಲಿ ಒಂದು ಸಿಮ್. ಈ ಕಡೆ ತಿಂಗಳಿಗೆ ಎಂಟುನೂರು ಬಾಡಿಗೆಯ ಸರ್ವರ್, ಅದರಲ್ಲಿ ನೋಡ್ ಜೆಎಸ್‌ನ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ನೆಟ್ ಮಾಡ್ಯೂಲ್. ಒಂದೊಂದು ಪೆಟ್ಟಿಗೆಯ ಸಂಪರ್ಕಕ್ಕೂ ಒಂದು ಸಾಕೆಟ್; ಅದರಲ್ಲಿ ಏನಾದರೂ ಆದರೆ ನನ್ನ ಕೋಡ್‌ಗೆ ಬರುವ ಸುದ್ದಿಯೇ ಇವೆಂಟ್. ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಭಾವಮೈದ "ಇದು ಆಗೋ ಮಾತಲ್ಲ ಭಾವ, ಸುಮ್ನೆ ಎಂಕ್ಯೂಟಿಟಿ ಹಾಕಿ" ಅಂತ ವರ್ಷವಿಡೀ ರೇಗಿಸಿದ. ಎಂಕ್ಯೂಟಿಟಿ ಅಂದರೆ ಇಂಥ ಸಣ್ಣ ಪೆಟ್ಟಿಗೆಗಳು ಸಂದೇಶ ಕಳಿಸಲು ಇರುವ ಸಿದ್ಧ ಪದ್ಧತಿ. ಹಾಕಬಹುದಿತ್ತು. ಆದರೆ ಪೆಟ್ಟಿಗೆಯೊಳಗಿನ ಪ್ರೋಗ್ರಾಂ (ಫರ್ಮ್‌ವೇರ್) ಬದಲಿಸಲು ಪಾಂಡವಪುರದಿಂದ ಮಳವಳ್ಳಿವರೆಗೆ ಒಂದೊಂದು ಗದ್ದೆಗೂ ಹೋಗಬೇಕು. ಪೆಟ್ರೋಲ್ ಯಾರಪ್ಪ ಹಾಕ್ತಾರೆ?

ಮೊದಲ ದೂರು ಬಂದಿದ್ದು ಹೀಗೆ: "ಏನಣ್ಣ, ಫೋನಲ್ಲಿ ಮೋಟ್ರು ಓಡ್ತಾ ಅದೆ ಅಂತ ತೋರಿಸ್ತದೆ, ಗದ್ದೇಲಿ ತೊಟ್ಟು ನೀರಿಲ್ಲ!" ಮೂರು ಫೇಸ್ ಹೋದರೆ ಪೆಟ್ಟಿಗೆಯೂ ಸತ್ತಂತೆ. ಬ್ಯಾಟರಿ ಹಾಕಿಲ್ಲ, ಒಂದಕ್ಕೆ ಮುನ್ನೂರು ಜಾಸ್ತಿ ಆಗುತ್ತಿತ್ತು. ಸಾಯುವ ಪೆಟ್ಟಿಗೆ ಹೇಳಿ ಹೋಗುತ್ತದೆಯೇ? ಆ ಕಡೆಯಿಂದ ಮಾತು ಮುಗಿಯಿತು ಅನ್ನುವ ಎಂಡ್ ಇವೆಂಟ್ ಇಲ್ಲ, ಸಾಕೆಟ್ ಮುಚ್ಚಿತು ಅನ್ನುವ ಕ್ಲೋಸ್ ಇಲ್ಲ. ಆ ಕಡೆ ಬದುಕಿದೆಯಾ ಅಂತ ಸರ್ವರ್‌ನ ಲಿನಕ್ಸ್ ತಾನೇ ವಿಚಾರಿಸುವ ಕೀಪ್‌ಅಲೈವ್ ನಂಬಿದ್ದೆ. ಅದು ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡ್ ಆದ ಮೇಲೆ. ಅಷ್ಟರಲ್ಲಿ ಕರೆಂಟ್ ಎರಡು ಸಲ ಬಂದು ಹೋಗಿರುತ್ತದೆ.

ಇಷ್ಟು ಹೊತ್ತು ಸದ್ದಿಲ್ಲದಿದ್ದರೆ ಟೈಮ್‌ಔಟ್ ಇವೆಂಟ್ ಕೊಡು ಅನ್ನುವ ಸೆಟ್‌ಟೈಮ್‌ಔಟ್ ಹಾಕಿದೆ. ಟೈಮ್‌ಔಟ್ ಇವೆಂಟ್ ಬಂದರೆ ಸಾಕೆಟ್ ತಾನೇ ಮುಚ್ಚಿಕೊಳ್ಳುತ್ತದೆ ಅಂದುಕೊಂಡು ನಾಲ್ಕು ದಿನ ಹಾಳು ಮಾಡಿದೆ. ಅದು ಬರೀ ಕೂಗಿ ಹೇಳುತ್ತದೆ, ಡಿಸ್ಟ್ರಾಯ್ ಮಾಡಿ ಮುಚ್ಚಬೇಕಾದವರು ನಾವು.

ಅದನ್ನೂ ಮಾಡಿದೆ. ಆಗಲೇ ಅಸಲಿ ಏಟು ಬಿದ್ದಿದ್ದು. ಕರೆಂಟ್ ಬಂದು ಪೆಟ್ಟಿಗೆ ಹೊಸದಾಗಿ ಕನೆಕ್ಟ್ ಆಗುತ್ತದೆ, ಮ್ಯಾಪ್‌ನಲ್ಲಿ (ಯಾವ ಪೆಟ್ಟಿಗೆಗೆ ಯಾವ ಸಾಕೆಟ್ ಅನ್ನುವ ಪಟ್ಟಿ) ಅದರ ನಂಬರಿಗೆ ಹೊಸ ಸಾಕೆಟ್ ಕೂರುತ್ತದೆ. ಮೂರು ನಿಮಿಷ ಬಿಟ್ಟು ಹಳೆಯ ಸಾಕೆಟ್‌ನ ಕ್ಲೋಸ್ ಬರುತ್ತದೆ. ನನ್ನ ಕೋಡ್ ಆ ನಂಬರನ್ನೇ ಅಳಿಸಿಬಿಡುತ್ತದೆ! ಬದುಕಿರುವ ಪೆಟ್ಟಿಗೆಗೆ ತಿಥಿ ಮಾಡಿದ ಹಾಗೆ. ರೈತರೊಬ್ಬರು ಆಫ್ ಒತ್ತಿದರು, ಪೆಟ್ಟಿಗೆ ಸಿಗುತ್ತಿಲ್ಲ ಅಂತ ಬಂತು. ಬೋರ್ ಬತ್ತಿ ಮೋಟಾರ್ ಸುಟ್ಟಿತು. ರಿವೈಂಡಿಂಗ್‌ಗೆ ಎಂಟು ಸಾವಿರದ ಹತ್ತಿರ, ನನ್ನ ಜೇಬಿನಿಂದಲೇ.

ಪರಿಹಾರ ಒಂದೇ ಸಾಲು. ಅಳಿಸುವ ಮುಂಚೆ, ಮ್ಯಾಪ್‌ನಲ್ಲಿ ಈಗ ಕೂತಿರುವುದು ಇದೇ ಸಾಕೆಟ್ಟಾ ಅಂತ ನೋಡುವುದು. ಅಲ್ಲದಿದ್ದರೆ ಸುಮ್ಮನಿರುವುದು. ಅಷ್ಟೇ!

ನಡುವೆ 30 ಸೆಕೆಂಡಿಗೊಂದು ಪಿಂಗ್ (ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ) ಕೂಡ ಕಳಿಸಿ ನೋಡಿದೆ. ಒಂದು ಬೈಟ್ ಪಿಂಗ್ ಆದರೂ ವಿಳಾಸ ಹೊತ್ತ ಹೆಡರ್‌ಗಳ ಭಾರ ಸೇರಿ ಸಿಮ್ಮಿಗೆ ತಿಂಗಳಿಗೆ ಹತ್ತು ಎಂಬಿ ಆಯಿತು, ಪ್ಯಾಕ್ ಮುಗಿದೇ ಹೋಯಿತು. ಈಗಿನ ಅಂತರ ಬೇರೆ. ಎಷ್ಟು ಅಂತ ಹೇಳಲ್ಲ, ಯಾವ ಸಿಮ್, ಯಾವ ಟವರ್ ಅನ್ನುವುದರ ಮೇಲೆ ನಾನೇ ಅಳೆದು ಇಟ್ಟಿದ್ದು.

ಇನ್ನೊಂದು ಕಾಟ, ಫೇಸ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ನುಗ್ಗುವುದು. ಕನೆಕ್ಷನ್ ಇವೆಂಟ್‌ನಲ್ಲೇ ಡೇಟಾಬೇಸ್ ಕೇಳುತ್ತಿದ್ದೆ, ಸರ್ವರ್ ಮಕಾಡೆ ಮಲಗುತ್ತಿತ್ತು. ಈಗ ಆ ಇವೆಂಟ್‌ನಲ್ಲಿ ಏನೂ ಮಾಡುವುದಿಲ್ಲ. ಪೆಟ್ಟಿಗೆ ತನ್ನ ನಂಬರ್ ಹೇಳಲಿ, ಆಮೇಲೆ ಸಾಲಿನಲ್ಲಿ ನಿಲ್ಲಿಸುತ್ತೇನೆ.

ಭಾವಮೈದ ಈಗ ಕೋಡ್ ಕೇಳುತ್ತಿದ್ದಾನೆ. ಕೊಡೋಣ, ನಿಧಾನಕ್ಕೆ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೇಸ್ ಬಂತು. ಒಂದೂವರೆ ನಿಮಿಷದಲ್ಲಿ ಒಂದು ಬಿಟ್ಟು ಎಲ್ಲವೂ ಬಂದವು. ಆ ಒಂದು ಕೆ.ಎಂ. ದೊಡ್ಡಿ ಕಡೆಯದು. ಮತ್ತೆ ನನ್ನ ಕೋಡೇ ಕೈ ಕೊಟ್ಟಿತೇನೋ ಅಂತ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಆಂಟೆನಾ ವೈರನ್ನು ಇಲಿ ಕಡಿದಿತ್ತು.