ವಿಡಿಯೊ ಕಲಾಕೃತಿಯನ್ನು ಗ್ಯಾಲರಿಯಲ್ಲಿ ಕೂರಿಸುವ ಬಗೆ: ನನ್ನ ಅನುಭವ

ಕಲಾವಿದರಿಂದ ಫೈಲ್ ಬಂದ ಕೂಡಲೇ ಚೆಕ್‌ಸಮ್ (ಫೈಲ್ ಬದಲಾಗಿಲ್ಲವೆಂದು ಮುಂದೆ ಪರೀಕ್ಷಿಸಲು ಅದರಿಂದಲೇ ಲೆಕ್ಕ ಹಾಕುವ ಗುರುತು) ತೆಗೆದು, ಮೂರು ಪ್ರತಿ ಮಾಡಿ, ಅದರಲ್ಲೊಂದನ್ನು ಬೇರೆ ಕಟ್ಟಡದಲ್ಲಿ ಇಡುತ್ತೇನೆ. ಗ್ಯಾಲರಿಯಲ್ಲಿ ಓಡಿಸಲು ಮೂಲ ಫೈಲಿನಿಂದ ಬೇರೊಂದು ಪ್ರತಿ ತಯಾರಿಸಿಕೊಳ್ಳಬೇಕು, ಮೂಲವನ್ನು ಮುಟ್ಟಬಾರದು.

ಆಮೇಲೆ ನೋಡುವುದು ಫ್ರೇಮ್ ರೇಟ್. ಯಾರೂ ಅಷ್ಟಾಗಿ ಗಮನಿಸದ ಸಂಗತಿ ಇದು. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊವನ್ನು 60 ಹರ್ಟ್ಜ್ ಔಟ್‌ಪುಟ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಮೂಡುವಂತೆ, ಓಡಿಸಿದರೆ ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ಮೂಡುತ್ತವೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಚಿತ್ರ ಮುಗ್ಗರಿಸುತ್ತದೆ. ಪ್ಲೇಯರನ್ನೂ ಪ್ರೊಜೆಕ್ಟರನ್ನೂ 50 ಹರ್ಟ್ಜ್‌ಗೆ ಇಟ್ಟರೆ ಪ್ರತಿ ಫ್ರೇಮೂ ಸರಿಯಾಗಿ ಎರಡೇ ಸಲ ಬರುತ್ತದೆ. ಇನ್ನು, ಅಗಲ-ಎತ್ತರ 4:3 ಅನುಪಾತದ ಹಳೆಯ ಕೃತಿಯನ್ನು ಗೋಡೆ ತುಂಬಲೆಂದು 16:9ಕ್ಕೆ ಹಿಗ್ಗಿಸುವುದನ್ನು ನಾನು ಒಪ್ಪುವುದೇ ಇಲ್ಲ. ಮುಖಗಳು ಅಗಲವಾಗುತ್ತವೆ, ಕಲಾವಿದರು ಕಟ್ಟಿದ ಚೌಕಟ್ಟು ಕೆಡುತ್ತದೆ.

ಪ್ರೊಜೆಕ್ಟರ್ ಎಲ್ಲಿ ತೂಗಬೇಕೆಂಬುದು ಸರಳ ಲೆಕ್ಕ: ಚಿತ್ರದ ಅಗಲವನ್ನು ಲೆನ್ಸಿನ ಥ್ರೋ ಅನುಪಾತದಿಂದ ಗುಣಿಸಿದರೆ ದೂರ ಸಿಗುತ್ತದೆ. 3 ಮೀಟರ್ ಅಗಲದ ಚಿತ್ರಕ್ಕೆ 1.5ರ ಲೆನ್ಸ್ ಇದ್ದರೆ 4.5 ಮೀಟರ್. ಚಿತ್ರವನ್ನು ಮೇಲೆ ಕೆಳಗೆ ಸರಿಸಲು ಲೆನ್ಸನ್ನೇ ಸರಿಸುವ ಲೆನ್ಸ್ ಶಿಫ್ಟ್ ಬಳಸಿ, ಓರೆಯಾದ ಚಿತ್ರವನ್ನು ನೇರಗೊಳಿಸುವ ಕೀಸ್ಟೋನ್ ಬೇಡ. ಕೀಸ್ಟೋನ್ ಚಿತ್ರವನ್ನು ಡಿಜಿಟಲ್ ಆಗಿ ಕುಗ್ಗಿಸುವುದರಿಂದ ಸಣ್ಣ ಅಕ್ಷರಗಳೂ ತೆಳು ಗೆರೆಗಳೂ ಮಸುಕಾಗುತ್ತವೆ.

ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಕಪ್ಪಿನ ಬಗ್ಗೆ. 3 ಮೀಟರ್ ಅಗಲದ 16:9 ಚಿತ್ರದ ವಿಸ್ತೀರ್ಣ ಸುಮಾರು 5 ಚದರ ಮೀಟರ್. 5000 ಲ್ಯುಮೆನ್ಸ್ ಪ್ರೊಜೆಕ್ಟರ್ ಅಲ್ಲಿ ಹೆಚ್ಚೆಂದರೆ 1000 ಲಕ್ಸ್ (ಚದರ ಮೀಟರಿಗೆ ಬೀಳುವ ಲ್ಯುಮೆನ್ಸ್) ಬೆಳಕು ಕೊಡುತ್ತದೆ. ಪಕ್ಕದ ಕೋಣೆಯಿಂದ ಅದೇ ಗೋಡೆಗೆ 50 ಲಕ್ಸ್ ಸೋರಿ ಬರುತ್ತಿದ್ದರೆ, ಪೆಟ್ಟಿಗೆಯ ಮೇಲೆ ಎಷ್ಟೇ ದೊಡ್ಡ ಕಾಂಟ್ರಾಸ್ಟ್ ಅಂಕಿ (ಬಿಳುಪಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) ಇರಲಿ, ಕಣ್ಣಿಗೆ ಸಿಗುವುದು 21:1 ಮಾತ್ರ, ಕಪ್ಪು ಬೂದು ಬಣ್ಣವಾಗುತ್ತದೆ. ಆ ಸೋರಿಕೆಯನ್ನು 5 ಲಕ್ಸ್‌ಗೆ ಇಳಿಸಿದರೆ ಸುಮಾರು 200:1. ಆದ್ದರಿಂದ ಲಕ್ಸ್ ಮೀಟರ್ ಹಿಡಿದು ಗೋಡೆಯ ಐದಾರು ಕಡೆ ಅಳೆದು, ಬಾಗಿಲಿಗೆ ಬೆಳಕು ನೇರ ನುಗ್ಗದಂತೆ ತಿರುವಿನ ಗೋಡೆ ಕಟ್ಟಿಸಿ, ಉಳಿದ ಗೋಡೆಗಳಿಗೂ ಚಾವಣಿಗೂ ಹೊಳಪಿಲ್ಲದ ಗಾಢ ಬಣ್ಣ ಹಚ್ಚಿಸುತ್ತೇನೆ. ದುಬಾರಿ ಪ್ರೊಜೆಕ್ಟರ್‌ಗಿಂತ ಇದರಿಂದಲೇ ಚಿತ್ರ ಹೆಚ್ಚು ಸುಧಾರಿಸುತ್ತದೆ. ತುರ್ತು ನಿರ್ಗಮನದ ದೀಪವನ್ನು ಮಾತ್ರ ಮುಚ್ಚುವಂತಿಲ್ಲ. ಅದರ ಎದುರು ಗೋಡೆ ಬಿಟ್ಟು ಬೇರೆ ಗೋಡೆಯನ್ನು ಪರದೆಗೆ ಆರಿಸಬೇಕು.

ದಿನವೂ ಕಾಡುವ ತೊಂದರೆ ಬೆಳಿಗ್ಗೆ ಸ್ವಿಚ್ ಹಾಕುವಾಗಿನದು. ಪ್ರೊಜೆಕ್ಟರ್ ಎಚ್ಚರಗೊಳ್ಳುವ ಮೊದಲೇ ಪ್ಲೇಯರ್ ಶುರುವಾದರೆ, ಎದುರು ಯಾವ ಪರದೆ ಇದೆ ಎಂಬ ಮಾಹಿತಿ ಅದಕ್ಕೆ ಸಿಗದೆ ತಪ್ಪು ರೆಸಲ್ಯೂಶನ್‌ಗೆ ಇಳಿಯುತ್ತದೆ, ಇಲ್ಲವೇ ಚಿತ್ರವೇ ಬರುವುದಿಲ್ಲ. ಮೊದಲು ಪ್ರೊಜೆಕ್ಟರ್, ಒಂದೆರಡು ನಿಮಿಷ ಬಿಟ್ಟು ಪ್ಲೇಯರ್ ಎಂದು ಟೈಮರ್ ಇಡಿ; ನಡುವೆ ಪರದೆಯ ಆ ಮಾಹಿತಿಯನ್ನು ಸದಾ ಒದಗಿಸುವ ಇಡಿಐಡಿ ಎಮ್ಯುಲೇಟರ್ ಎಂಬ ಸಾಧನ ಸೇರಿಸಿದರೆ ಇನ್ನೂ ಭದ್ರ. ಸಂಜೆ ಪ್ರೊಜೆಕ್ಟರಿನ ಕರೆಂಟ್ ಕಿತ್ತುಹಾಕಬೇಡಿ, ನೆಟ್‌ವರ್ಕ್ ಮೂಲಕ ಆಫ್ ಆದೇಶ ಕಳಿಸಿ ಫ್ಯಾನ್ ನಿಲ್ಲುವವರೆಗೆ ಬಿಡಿ. ಪ್ಲೇಯರ್ ಆಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರು ಅದರ ಮೆಮೊರಿ ಕಾರ್ಡನ್ನು ಓದಲು ಮಾತ್ರ ಬರುವಂತೆ ಹೊಂದಿಸಿಕೊಳ್ಳಲಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ.

ಮೂರು ಪರದೆಯ ಕೃತಿಗೆ ಪ್ಲೇಯರ್‌ಗಳನ್ನು ವೈಫೈ ಬಿಟ್ಟು ತಂತಿಯ ನೆಟ್‌ವರ್ಕ್‌ನಲ್ಲೇ ಜೋಡಿಸಬೇಕು. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ತಪ್ಪಿದರೂ 40 ಮಿಲಿಸೆಕೆಂಡ್ ವ್ಯತ್ಯಾಸ. ಪರದೆಯಿಂದ ಪರದೆಗೆ ದಾಟುವ ಆಕೃತಿ ಗಡಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ.

ಯಂತ್ರಗಳಂತೂ ಹಳತಾಗಿಯೇ ತೀರುತ್ತವೆ. ವಿಡಿಯೊ ಕಲಾವಿದ ನಾಮ್ ಜೂನ್ ಪೈಕ್ 1988ರಲ್ಲಿ 1,003 ಟಿವಿಗಳನ್ನು ಗೋಪುರವಾಗಿ ಜೋಡಿಸಿದ 'ದ ಮೋರ್ ದ ಬೆಟರ್' ದಕ್ಷಿಣ ಕೊರಿಯಾದ ಗ್ವಾಚಿಯೊನ್‌ನಲ್ಲಿದೆ. 2018ರಲ್ಲಿ ಅದನ್ನು ಆಫ್ ಮಾಡಬೇಕಾಯಿತು. ಹಳೆಯ ಪಿಕ್ಚರ್ ಟ್ಯೂಬ್‌ಗಳನ್ನು ಆದಷ್ಟು ರಿಪೇರಿ ಮಾಡಿ, ಉಳಿದ ಕಡೆ ಎಲ್‌ಸಿಡಿ ಹಾಕಿ 2022ರಲ್ಲಿ ಮತ್ತೆ ಬೆಳಗಿಸಿದರು. ಇಂಥ ತೀರ್ಮಾನ ತಂತ್ರಜ್ಞರೊಬ್ಬರದ್ದೇ ಆಗಬಾರದು. ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದ ವೇರಿಯಬಲ್ ಮೀಡಿಯಾ ಕಾರ್ಯಕ್ರಮ ಇಂಥ ಕೃತಿಗಳನ್ನು ಉಳಿಸಲು ನಾಲ್ಕು ದಾರಿ ಗುರುತಿಸಿತು: ಮೂಲ ಸಲಕರಣೆಯನ್ನೇ ಕಾಪಿಡುವುದು, ಅದರ ವರ್ತನೆಯನ್ನು ಅನುಕರಿಸುವುದು, ಹೊಸ ಸಲಕರಣೆಗೆ ವರ್ಗಾಯಿಸುವುದು, ಹೊಸದಾಗಿ ವ್ಯಾಖ್ಯಾನಿಸುವುದು. ಕೃತಿ ಕೊಳ್ಳುವಾಗಲೇ ಕಲಾವಿದರ ಮುಂದೆ ಈ ನಾಲ್ಕನ್ನೂ ಇಟ್ಟು ಕೇಳುತ್ತೇನೆ. ಟ್ಯೂಬಿನ ಉಬ್ಬು ಗಾಜು ಮುಖ್ಯವೋ, ಬರೀ ಚಿತ್ರವೋ? ಪರದೆ ಎಷ್ಟು ಚಿಕ್ಕದಾದರೆ ಕೃತಿ ಕೆಡುತ್ತದೆ? ಕೇಬಲ್ ಕಾಣಬಹುದೇ? ನೋಡುಗರು ನಿಲ್ಲುವ ಜಾಗದಲ್ಲಿ ಶಬ್ದ ಎಷ್ಟು ಡೆಸಿಬೆಲ್ ಇರಬೇಕು? ಉತ್ತರಗಳನ್ನು ಅಳತೆ ಬರೆದ ನಕ್ಷೆ, ಫೋಟೊಗಳೊಂದಿಗೆ ಸಹಿ ಹಾಕಿಸಿ ಫೈಲಿನ ಜೊತೆಯಲ್ಲೇ ಇಡುತ್ತೇನೆ. ಮುಂದಿನ ಸಲ ಕೂರಿಸುವವರು ಕೆಲಸ ಶುರುಮಾಡುವುದು ಅಲ್ಲಿಂದ.