ಹಾಲು ಸಾಲ್ತಿಲ್ಲ ಅಂತ ಡಬ್ಬಿ ತರೋ ಮೊದಲು

ಮೂರನೇ ವಾರದ ಹೊತ್ತಿಗೆ ಮಗು ಸಂಜೆಯಿಡೀ ಎದೆ ಬಿಡಲ್ಲ, ಬಿಡಿಸಿದರೆ ಅಳು. ನೋಡೋಕೆ ಬಂದವರೆಲ್ಲ "ಹಾಲು ಸಾಲ್ತಿಲ್ಲ ಕಣೇ" ಅಂತಾರೆ. ಮೊದಲ ಮಗುವಿಗೆ ನಾನು ಸೋತಿದ್ದು ಅಲ್ಲೇ. ಡಬ್ಬಿ ಹಾಲು ಶುರು ಮಾಡಿದೆ, ಮಗು ಚೀಪೋದು ಕಡಿಮೆಯಾಯ್ತು, ಅದರ ಜೊತೆ ನನ್ನ ಹಾಲೂ ಇಳೀತು.

ಎರಡನೇ ಸಲ ಲೆಕ್ಕ ಇಟ್ಟೆ. ಐದನೇ ದಿನದ ನಂತರ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದು, ತೂಕವೂ ಏರ್ತಿದ್ದರೆ ಹಾಲು ಸಾಕಾಗ್ತಿದೆ. ತೂಕ ಏರದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಿ, ರಾತ್ರಿಯದ್ದೂ ಸೇರಿ. ತೊಟ್ಟು ನೋಯ್ತಿದ್ದರೆ ಹೆಚ್ಚಾಗಿ ಮಗುವಿನ ಹಿಡಿತ ಸರಿಯಿರಲ್ಲ. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಆಶಾ ಅಕ್ಕ (ಊರಿನ ಆರೋಗ್ಯ ಕಾರ್ಯಕರ್ತೆ) ಮನೆಗೆ ಬಂದಾಗ ನಾಚಿಕೆ ಬಿಟ್ಟು ಕೇಳಿ.

ಜೇನುತುಪ್ಪ, ಗ್ರೈಪ್ ವಾಟರ್, ಬಜೆ ತೇಯ್ದು ನೆಕ್ಕಿಸೋದು ಬೇಡ. 6 ತಿಂಗಳು ತುಂಬೋವರೆಗೆ ಬೇಸಿಗೆಯಲ್ಲೂ ನೀರು ಬೇಡ. (ಜೇನಂತೂ ವರ್ಷ ತುಂಬೋ ತನಕ ಬೇಡವೇ ಬೇಡ.) ನಮ್ಮತ್ತೆ ನನ್ನ ಮಾತು ಕೇಳಲಿಲ್ಲ, ಡಾಕ್ಟರ್ ಬಾಯಲ್ಲಿ ಹೇಳಿಸಿದೆ, ಸುಮ್ಮನಾದರು! ಬಾಣಂತಿಗೆ ನೀರು ಕೊಡಬಾರದು ಅನ್ನೋದನ್ನಂತೂ ಕಿವಿಗೇ ಹಾಕ್ಕೋಬೇಡಿ, ಬಾಯಾರಿದಾಗೆಲ್ಲ ಕುಡೀರಿ.