ಅಕ್ಕ, ನಾನು ಮತ್ತು ಇಬ್ಬರ ಆಟಗಳು

ಬೋರ್ಡ್ ಗೇಮ್ ಡಬ್ಬದ ಮೇಲೆ ‘2–4 ಜನ’ ಅಂತ ಬರೆದಿದ್ದರೆ ಇಬ್ಬರಿಗೂ ಚೆನ್ನಾಗಿರುತ್ತದೆ ಎಂದು ನಂಬಿದ್ದೆ. ಆಡಲು ಬರುತ್ತದೆ, ನಿಜ. ಮಜಾ ಬರಬೇಕಲ್ಲ!

ಮನೆಯಲ್ಲಿ ನಾವಿಬ್ಬರೇ. ರಾತ್ರಿ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಫೋನ್ ಪಕ್ಕಕ್ಕಿಟ್ಟು ಏನಾದರೂ ಆಡೋಣ ಅಂದುಕೊಂಡೆವು. ಮೊದಲು ಚೆಸ್. ಅಕ್ಕ ಚಿಕ್ಕಂದಿನಿಂದ ಆಡಿದವಳು, ನನಗೆ ಕುದುರೆ ಹೇಗೆ ಹೋಗುತ್ತದೆ ಅನ್ನುವುದಷ್ಟೇ ಗೊತ್ತು. ಒಂದು ವಾರದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಸೋಲು ಪರವಾಗಿಲ್ಲ. ಹತ್ತನೇ ನಡೆಗೇ ಕಥೆ ಮುಗಿಯಿತು ಅಂತ ಗೊತ್ತಾಗಿ, ಮಿಕ್ಕಿದ್ದನ್ನು ಸುಮ್ನೆ ಆಡುತ್ತಾ ಕೂರುವುದಿದೆಯಲ್ಲ, ಅದು ಬೇಜಾರು. ಗೆದ್ದು ಗೆದ್ದು ಅವಳಿಗೂ ಸಾಕಾಯಿತು.

ಆಮೇಲೆ ಟಿಕೆಟ್ ಟು ರೈಡ್, ನಕ್ಷೆಯ ಮೇಲೆ ರೈಲು ದಾರಿ ಹಾಕುವ ಆಟ. ನಾಲ್ಕೈದು ಜನ ಇದ್ದರೆ ರೈಲು ದಾರಿಗೆ ನೂಕುನುಗ್ಗಲು. ನಾವಿಬ್ಬರೇ ಆಡಿದಾಗ ಅವಳು ನಕ್ಷೆಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಎದುರಾಗಿದ್ದೇ ಕಡಿಮೆ. ಕಟಾನ್ ಅಂತೂ ಮುಟ್ಟಲೇ ಇಲ್ಲ. ಸರಕು ಅದಲುಬದಲು ಮಾಡಿಕೊಂಡು ಆಡುವ ಅದರ ಮೂಲ ಆಟ 3–4 ಜನಕ್ಕೇ ಮಾಡಿದ್ದು. ಇಬ್ಬರ ನಡುವೆ ಎಂಥಾ ಚೌಕಾಸಿ? ನಾನು ಕೊಟ್ಟಿದ್ದು ನೇರವಾಗಿ ನನ್ನ ಎದುರಾಳಿಗೇ ಹೋಗುತ್ತದೆ.

ಆಮೇಲೆ ಬೋರ್ಡ್‌ಗೇಮ್‌ಗೀಕ್ ಅನ್ನುವ ವೆಬ್‌ಸೈಟ್ ನೋಡಲು ಶುರು ಮಾಡಿದೆ. ಅಲ್ಲಿ ಒಂದೊಂದು ಆಟವೂ ಎಷ್ಟು ಜನ ಆಡಿದರೆ ಚೆನ್ನ ಅಂತ ಆಡಿದವರೇ ಹಾಕಿದ ಮತ ಇರುತ್ತದೆ. ಡಬ್ಬದ ಸಂಖ್ಯೆಗೂ ಅದಕ್ಕೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ಅಲ್ಲಿಂದಾಚೆಗೆ ಇಬ್ಬರಿಗೆಂದೇ ಮಾಡಿದ ಆಟಗಳ ಕಡೆ ಹೊರಳಿದೆವು.

ಮೊದಲು ಬಂದದ್ದು ಪ್ಯಾಚ್‌ವರ್ಕ್. ಉವೆ ರೋಸೆನ್‌ಬರ್ಗ್ 2014ರಲ್ಲಿ ಮಾಡಿದ ಆಟ. ಗುಂಡಿ ಕೊಟ್ಟು ಬಟ್ಟೆ ತುಂಡು ಕೊಂಡು 9×9 ಮನೆಯ ಹಲಗೆಯ ಮೇಲೆ ಕೌದಿ ಹೊಲಿಯಬೇಕು. ಖಾಲಿ ಉಳಿದ ಮನೆಗೆ ಎರಡೆರಡು ಅಂಕ ಖೋತಾ. ಮೊದಲ ಸಲ ಅಕ್ಕನಿಗೆ ಬಂದದ್ದು ಮೈನಸ್ 13! ‘ಇನ್ನೊಂದ್ಸಲ ಹಾಕು ಕಣೇ’ ಅಂದಳು. ಚೆಸ್ ಆಡುವಾಗ ಈ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ.

ಆದರೆ ನಮ್ಮನ್ನು ನಿಜವಾಗಿ ಹಿಡಿದು ಕೂರಿಸಿದ್ದು ಲಾಸ್ಟ್ ಸಿಟೀಸ್. ರೈನರ್ ಕ್ನಿಝಿಯಾ ಅವರ 1999ರ ಆಟ. ಐದು ಬಣ್ಣ, ಒಟ್ಟು 60 ಕಾರ್ಡ್. ಕೈಯಲ್ಲಿ ಯಾವಾಗಲೂ ಎಂಟು. ಒಂದು ಕಾರ್ಡ್ ಅದರ ಬಣ್ಣದ ಸಾಲಿಗೆ ಹಾಕಬೇಕು ಇಲ್ಲವೇ ಬಿಸಾಡಬೇಕು, ಆಮೇಲೆ ಒಂದು ಎತ್ತಿಕೊಳ್ಳಬೇಕು. ಸಾಲಿನಲ್ಲಿ ಸಂಖ್ಯೆ ಏರುತ್ತಲೇ ಹೋಗಬೇಕು. ಸಾಲಿನ ಸಂಖ್ಯೆಗಳ ಮೊತ್ತವೇ ಅಂಕ, ಆದರೆ ಸಾಲು ಶುರು ಮಾಡಿದ ತಪ್ಪಿಗೆ 20 ಕಡಿತ.

ಒಂದು ರಾತ್ರಿ ಅಕ್ಕ ಹಳದಿಯಲ್ಲಿ ಎರಡು ಬಾಜಿ ಕಾರ್ಡ್ (ಸಾಲಿನ ಲಾಭ-ನಷ್ಟವನ್ನು ಗುಣಿಸುವವು) ಇಟ್ಟು, ಅವುಗಳ ಮೇಲೆ 2, 3, 5, 6 ಹಾಕಿದಳು. ಹಳದಿ 9, 10 ನನ್ನ ಕೈಯಲ್ಲಿ. ನನಗೆ ಅವು ಉಪಯೋಗವಿಲ್ಲ, ಬಿಸಾಡಿದರೆ ಅವಳು ಎತ್ತಿಕೊಳ್ಳುತ್ತಾಳೆ. ಎರಡೂ ಸಿಕ್ಕರೆ ಅವಳ ಮೊತ್ತ 35. 20 ಕಳೆದು, ಎರಡು ಬಾಜಿಗೆ ಮೂರರಿಂದ ಗುಣಿಸಿ 45, ಎಂಟು ಕಾರ್ಡ್ ಆದದ್ದಕ್ಕೆ ಇನ್ನೊಂದು 20. ಅಲ್ಲಿಗೆ 65. ನಾನು ಕೊಡಲಿಲ್ಲ. ಆದರೆ ಎರಡು ಕಾರ್ಡ್ ಬಚ್ಚಿಟ್ಟ ಮೇಲೆ ನನಗೆ ಉಳಿಯುವುದು ಆರೇ ಅಲ್ವಾ? ಕೈ ಕಟ್ಟಿಹಾಕಿದ ಹಾಗಾಗಿ, ಬೇಡದ ಹಸಿರು ಸಾಲನ್ನು 4, 7ರಿಂದ ಶುರು ಮಾಡಿ ಮೈನಸ್ 9 ತಂದುಕೊಂಡೆ. ಅವಳ ಹಳದಿಗೆ ಬಂದದ್ದು ಮೈನಸ್ 12. ‘ಅಷ್ಟೊತ್ತಿಂದ ನಿನ್ನ ಹತ್ರಾನೇ ಇತ್ತಾ?’ ಅಂತ ಅವಳು ನನ್ನ ಕಾರ್ಡ್ ಕಿತ್ತುಕೊಂಡು ನೋಡಿದ ಮುಖ ಇನ್ನೂ ಕಣ್ಣ ಮುಂದಿದೆ. ಅದೃಷ್ಟವೂ ಸ್ವಲ್ಪ ಇರುವುದರಿಂದ ಸೋತವರಿಗೆ ಬೈಯಲು ಏನಾದರೂ ಸಿಗುತ್ತದೆ. ಇಬ್ಬರೇ ಆಡುವಾಗ ಅದು ಬೇಕೇ ಬೇಕು.

ಜಗಳ ಬೇಡ, ಒಂದೇ ಕಡೆ ಆಡೋಣ ಅಂತ ಪ್ಯಾಂಡೆಮಿಕ್ ಕೂಡ ಹಾಕಿ ನೋಡಿದೆವು. ‘ನೀನು ಅಲ್ಲಿಗೆ ಹೋಗು, ಆ ಕಾರ್ಡ್ ನನಗೆ ಕೊಡು’ ಅಂತ ಎಲ್ಲ ಅಕ್ಕನೇ ಆಡಿದಳು, ನಾನು ಕಾಯಿ ಸರಿಸಿದೆ ಅಷ್ಟೆ. ಕೋಡ್‌ನೇಮ್ಸ್ ಡ್ಯುಯೆಟ್‌ನಲ್ಲಿ ಈ ದರ್ಬಾರು ನಡೆಯುವುದಿಲ್ಲ. ಮೇಜಿನ ಮೇಲೆ 25 ಪದ, ಒಬ್ಬರು ಕೊಟ್ಟ ಸುಳಿವಿನಿಂದ ಇನ್ನೊಬ್ಬರು ಹುಡುಕಬೇಕಾದವು 15. ಸುಳಿವಿನ ಕಾರ್ಡ್‌ನ ಒಂದು ಮುಖ ಅವಳಿಗೆ, ಇನ್ನೊಂದು ನನಗೆ. ನನಗೆ ಕಾಣುವುದು ಅವಳಿಗೆ ಕಾಣದು, ಹಾಗಾಗಿ ಅಕ್ಕನೂ ನನ್ನ ಮಾತು ಕೇಳಲೇಬೇಕು.

ಹೈವ್ ಒಂದು ಮಾತ್ರ ಬಗೆಹರಿದಿಲ್ಲ. ಹಲಗೆಯೇ ಇಲ್ಲದೆ ಆರು ಮೂಲೆಯ ಬಿಲ್ಲೆಗಳಲ್ಲಿ ಆಡುವ ಆಟ, ರಾಣಿ ಜೇನನ್ನು ಸುತ್ತುವರಿಯಬೇಕು. ಒಳ್ಳೆಯ ಆಟವೇ, ಆದರೆ ಚೆಸ್‌ನ ತಮ್ಮನ ಹಾಗೆ. ಅಕ್ಕನಿಗೆ ಪ್ರಾಣ, ನನಗೆ ತಲೆನೋವು. ಈಗ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಇವತ್ತು ಸೋತವರು ನಾಳೆಯ ಆಟ ಆರಿಸಬೇಕು. ಹೈವ್ ಮೇಜಿಗೆ ಬಂತು ಅಂದರೆ ಹಿಂದಿನ ರಾತ್ರಿ ನಾನು ಗೆದ್ದಿದ್ದೇನೆ ಅಂತಲೇ ಲೆಕ್ಕ.